ನಡೆಯುವವರಿಗೆ ರಸ್ತೆಯಲ್ಲಿ ಎಷ್ಟು ಪಾಲು?

ನಡೆಯಿರಿ, ಸೈಕಲ್ ತುಳಿಯಿರಿ ಎಂದು ಹೇಳುವ ಕಾರ್ಯಕ್ರಮಗಳಿಗೆ ನಮ್ಮ ಊರುಗಳಲ್ಲಿ ಬರವೇನಿಲ್ಲ. ಭಾನುವಾರ ಬೆಳಿಗ್ಗೆ ಒಂದು ರಸ್ತೆ ಮುಚ್ಚುತ್ತಾರೆ, ಟೀಶರ್ಟ್ ಹಂಚುತ್ತಾರೆ, ಜನಪ್ರತಿನಿಧಿಗಳು ನಾಲ್ಕು ಸುತ್ತು ಪೆಡಲ್ ತುಳಿದು ಫೋಟೊಗೆ ನಿಲ್ಲುತ್ತಾರೆ. ಮರುದಿನ ಬೆಳಿಗ್ಗೆ ಎಂಟಕ್ಕೆ ಪೀಣ್ಯದ ಕಡೆ ಹೋದರೆ, ಗಾರ್ಮೆಂಟ್ಸ್‌ಗೆ ಹೊರಟ ಹೆಣ್ಣುಮಕ್ಕಳು ಊಟದ ಡಬ್ಬಿ ಹಿಡಿದು ಲಾರಿಗಳ ಪಕ್ಕದಲ್ಲೇ ಸಾಲಾಗಿ ನಡೆಯುತ್ತಿರುತ್ತಾರೆ. ನಡೆಯಿರಿ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕಾಲ್ನಡಿಗೆ ಮತ್ತು ಸೈಕಲ್ ಸುರಕ್ಷತೆಯ ಬಗ್ಗೆ ಜಗತ್ತಿನಲ್ಲಿ ನೂರು ವರ್ಷಗಳಿಂದ ವಾದ ನಡೆದಿದೆ. ಆ ವಾದದಲ್ಲಿ ಎರಡು ಬೇರೆ ಬೇರೆ ಜನ ಬೆರೆತುಹೋಗಿದ್ದಾರೆ: ಕಾರು ಬಿಟ್ಟು ನಡೆಯಬಹುದಾದವರು ಮತ್ತು ಗತ್ಯಂತರವಿಲ್ಲದೆ ನಡೆಯುವವರು. ಮೊದಲನೆಯವರನ್ನು ಬೀದಿಗೆ ಕರೆತರುವುದು ಒಂದು ಕೆಲಸ, ಎರಡನೆಯವರನ್ನು ಜೀವಂತವಾಗಿ ಮನೆಗೆ ಮುಟ್ಟಿಸುವುದು ಇನ್ನೊಂದು. ನಮ್ಮಲ್ಲಿ ಆಗುವ ಗಲಿಬಿಲಿಗೆಲ್ಲ ಈ ಎರಡನ್ನೂ ಒಂದೇ ಎಂದುಕೊಂಡದ್ದೇ ಮೂಲವೆಂದು ನನಗೆ ಅನ್ನಿಸಿದೆ.

ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ಪಾದಚಾರಿಗಳು 32,825, ಎಂದರೆ ದಿನಕ್ಕೆ ಸುಮಾರು ತೊಂಬತ್ತು. ಸೈಕಲ್ ಸವಾರರು 4,836. ದ್ವಿಚಕ್ರ ವಾಹನದ ಮೇಲಿದ್ದವರು 74,897. ಈ ಕೊನೆಯ ಅಂಕಿಯನ್ನು ನೆನಪಿಟ್ಟುಕೊಳ್ಳಬೇಕು. ಯುರೋಪಿನಿಂದ ತಂದ ಪರಿಹಾರಗಳೆಲ್ಲ ನಮ್ಮಲ್ಲಿ ಬಂದು ಎಡವುವುದು ಅಲ್ಲೇ.

ಬೀದಿ ಕೈತಪ್ಪಿದ ಬಗೆ

ಬೀದಿ ಎಂದರೆ ವಾಹನದ ಜಾಗ ಎಂಬುದು ಹಳೆಯ ತಿಳಿವಳಿಕೆಯೇನಲ್ಲ. ಅಮೆರಿಕದ ಇತಿಹಾಸಕಾರ ಪೀಟರ್ ನಾರ್ಟನ್ 2008ರಲ್ಲಿ ಬರೆದ ಪುಸ್ತಕದಲ್ಲಿ ಈ ತಿಳಿವಳಿಕೆ ಬೇರೂರಿದ ಕಾಲವನ್ನು ಗುರುತಿಸಿದ್ದಾರೆ. 1923ರಲ್ಲಿ ಸಿನ್ಸಿನಾಟಿ ನಗರದ 42,000 ಮಂದಿ, ಕಾರುಗಳು ಗಂಟೆಗೆ 25 ಮೈಲಿ ಮೀರದಂತೆ ಯಂತ್ರದಲ್ಲೇ ತಡೆ ಹಾಕಬೇಕೆಂದು ಸಹಿ ಹಾಕಿದರು. ಕಾರು ಮಾರುವವರು ಗಾಬರಿಬಿದ್ದು ಪ್ರಚಾರಕ್ಕಿಳಿದರು, ಮತದಾನದಲ್ಲಿ ಪ್ರಸ್ತಾವ ಬಿತ್ತು. ಆಮೇಲಿನ ವರ್ಷಗಳಲ್ಲಿ ಗಾಳಿ ತಿರುಗಿತು. ಎಲ್ಲೆಂದರಲ್ಲಿ ರಸ್ತೆ ದಾಟುವವನೇ ತಪ್ಪಿತಸ್ಥ ಎನ್ನುವ ನಿಯಮಗಳು ಬಂದವು. 1925ರ ಲಾಸ್ ಏಂಜಲೀಸ್ ನಿಯಮಾವಳಿಯನ್ನು ಉಳಿದ ನಗರಗಳು ಮಾದರಿಯಾಗಿಟ್ಟುಕೊಂಡವು.

1963ರಲ್ಲಿ ಬ್ರಿಟನ್ನಿನಲ್ಲಿ ಕಾಲಿನ್ ಬುಕನನ್ ನೇತೃತ್ವದ ವರದಿ ಬಂತು. ಕಾರನ್ನು ತಡೆಯಲಾಗದು, ಹಾಗಾಗಿ ಕಾರಿಗೂ ಜನರಿಗೂ ಬೇರೆ ಬೇರೆ ದಾರಿ ಮಾಡಬೇಕು ಎಂಬುದು ಅದರ ಮುಖ್ಯ ಎಳೆ. ಹಾಲೆಂಡಿನವರೂ ಆಗ ಕಾರಿಗಾಗಿ ಊರು ಒಡೆಯುತ್ತಿದ್ದವರೇ. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು, ನಾನೂರಕ್ಕೂ ಹೆಚ್ಚು ಮಕ್ಕಳು ಅವರಲ್ಲಿದ್ದರು. ಮಕ್ಕಳ ಕೊಲೆ ನಿಲ್ಲಿಸಿ ಎಂದು ತಂದೆತಾಯಿಗಳು ಬೀದಿಗಿಳಿದರು. 1973ರ ತೈಲ ಬಿಕ್ಕಟ್ಟು ಅದಕ್ಕೆ ಸೇರಿಕೊಂಡಿತು, ಕಾರಿಲ್ಲದ ಭಾನುವಾರಗಳು ಬಂದವು. ಇವತ್ತು ನಾವು ಫೋಟೊಗಳಲ್ಲಿ ನೋಡಿ ಬೆರಗಾಗುವ ಡಚ್ ಸೈಕಲ್ ದಾರಿಗಳು ಸಂಸ್ಕೃತಿಯ ಬಳುವಳಿಯಾಗಿ ಬಂದವಲ್ಲ, ಜಗಳ ಮಾಡಿ ಪಡೆದವು.

ನಮ್ಮ ಕತೆಯ ಜಾಡೇ ಬೇರೆ. ಇಲ್ಲಿ ಸೈಕಲ್ ಸವಾರನ ಮೇಲೆ ಕಾನೂನಿನ ಕಣ್ಣು ಮೊದಲಿನಿಂದಲೂ ಇತ್ತು. ಪುರಸಭೆಯ ಬಿಲ್ಲೆ ಇರಬೇಕು, ರಾತ್ರಿ ದೀಪ ಇರಬೇಕು, ಡಬಲ್ ರೈಡ್ ಸಿಕ್ಕಿಬಿದ್ದರೆ ಪೊಲೀಸರು ಚಕ್ರದ ಗಾಳಿ ಬಿಡುತ್ತಿದ್ದರು. ಆದರೂ ಬೆಂಗಳೂರಿನ ಐಟಿಐ, ಎಚ್‌ಎಂಟಿ, ಬಿಇಎಲ್, ಎಚ್‌ಎಎಲ್ ಕಾರ್ಖಾನೆಗಳ ಶಿಫ್ಟ್ ಬಿಟ್ಟಾಗ ಗೇಟಿನಿಂದ ಹೊರಗೆ ಹರಿಯುತ್ತಿದ್ದದ್ದು ಸೈಕಲ್ಲುಗಳೇ. ಆ ಕಾರ್ಮಿಕರ ಮಕ್ಕಳು ಮೊಪೆಡ್ಡಿಗೆ ಏರಿದರು, ಆಮೇಲೆ ಬೈಕಿಗೆ. ಹಾಗೆಂದು ಸೈಕಲ್ ಮನೆಯಿಂದ ಹೋಗಿಬಿಡಲಿಲ್ಲ. 2001ರ ಜನಗಣತಿಯಲ್ಲಿ ದೇಶದ ಶೇ 43.7 ಮನೆಗಳಲ್ಲಿ ಸೈಕಲ್ ಇತ್ತು, 2011ರಲ್ಲಿ ಶೇ 44.8. ಪೇಟೆಯ ದೊಡ್ಡ ರಸ್ತೆಯಿಂದ ಮಾತ್ರ ಅದು ಮರೆಯಾಯಿತು. ಏಕಮುಖ ಸಂಚಾರ, ಮೇಲ್ಸೇತುವೆ, ಸಿಗ್ನಲ್ ಮುಕ್ತ ಕಾರಿಡಾರ್ ಎಲ್ಲ ಬಂದ ಮೇಲೆ ಆ ರಸ್ತೆಗಳು ಸೈಕಲ್ ಸವಾರನಿಗೆ ಅಂಜಿಕೆ ಹುಟ್ಟಿಸುವ ಜಾಗಗಳಾದವು.

ಮೋರಿಯ ಮುಚ್ಚಳ

ನಮ್ಮ ಫುಟ್‌ಪಾತ್ ಹುಟ್ಟಿದ್ದು ಹೇಗೆಂದು ಗೊತ್ತಾದರೆ ಅದರ ಎಷ್ಟೋ ಕಾಯಿಲೆಗಳ ಮೂಲ ಸಿಗುತ್ತದೆ. ಬೆಂಗಳೂರಿನ ಬಹುಪಾಲು ಬಡಾವಣೆಗಳಲ್ಲಿ ಮಳೆನೀರಿನ ಮೋರಿಯ ಮೇಲೆ ಹಾಸಿದ ಕಲ್ಲುಚಪ್ಪಡಿಯೇ ಫುಟ್‌ಪಾತ್. ಅದರ ಎತ್ತರ, ಅಗಲ, ಇಳಿಜಾರು ಎಲ್ಲವನ್ನೂ ನೀರಿನ ಲೆಕ್ಕದಲ್ಲಿ ನಿಶ್ಚಯಿಸಿದ್ದಾರೆ, ಕಾಲಿನ ಲೆಕ್ಕದಲ್ಲಿ ಯಾರೂ ನಿಶ್ಚಯಿಸಿಲ್ಲ. ಹೂಳೆತ್ತಲು ಚಪ್ಪಡಿ ತೆಗೆದವರು ಅದನ್ನು ಓರೆಯಾಗಿ ಇಟ್ಟು ಹೋಗುತ್ತಾರೆ. ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಬೀಳುತ್ತದೆ, ಮೋರಿಯ ಗೋಡೆಯನ್ನೂ ಎತ್ತರಿಸುತ್ತಾರೆ. ಪ್ರತಿ ಮನೆಯ ಗೇಟಿನ ಮುಂದೆ ಕಾರು ಹತ್ತಿಸಲು ಒಂದೊಂದು ಸಿಮೆಂಟಿನ ದಿಣ್ಣೆ. ನೂರು ಮೀಟರ್ ದಾರಿಯಲ್ಲಿ ಹತ್ತು ಸಲ ಹತ್ತಿ ಹತ್ತು ಸಲ ಇಳಿಯುವ ಬದಲು ಮಂಡಿನೋವಿನ ಅಜ್ಜಿ ರಸ್ತೆಯಲ್ಲೇ ನಡೆಯುತ್ತಾರೆ. ಅಪಘಾತವಾದರೆ ಅಜಾಗರೂಕತೆಯಿಂದ ರಸ್ತೆಯಲ್ಲಿ ನಡೆಯುತ್ತಿದ್ದರು ಎಂದು ದಾಖಲಾಗುತ್ತದೆ.

ಅಳತೆ ಗೊತ್ತಿಲ್ಲದ್ದಕ್ಕೆ ಹೀಗಾಯಿತೆಂದು ಹೇಳುವಂತಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 103 ಮಾರ್ಗಸೂಚಿ, ವಾಸದ ಬಡಾವಣೆಯಲ್ಲೂ ಅಡೆತಡೆಯಿಲ್ಲದ 1.8 ಮೀಟರ್ ಅಗಲದ ನಡೆಜಾಗ ಇರಬೇಕು, ಅಂಚುಕಲ್ಲಿನ ಎತ್ತರ 15 ಸೆಂ.ಮೀ. ಮೀರಬಾರದು ಎನ್ನುತ್ತದೆ. ಎರಡು ಗಾಲಿಕುರ್ಚಿಗಳು ಎದುರುಬದುರಾಗಿ ದಾಟಲು ಬೇಕಾಗುವಷ್ಟು ಜಾಗ ಅದು. ಟ್ರಾನ್ಸ್‌ಫಾರ್ಮರ್, ಕೇಬಲ್ ಪೆಟ್ಟಿಗೆ, ಜಾಹೀರಾತು ಹಲಗೆ, ಮರದ ಕಟ್ಟೆ ಎಲ್ಲವನ್ನೂ ಕಳೆದು ಉಳಿಯಬೇಕಾದ ಅಗಲ ಎಂಬುದನ್ನು ಮಾತ್ರ ನಮ್ಮ ಗುತ್ತಿಗೆಗಳು ಮರೆಯುತ್ತವೆ.

2015ರ ಹೊತ್ತಿಗೆ ಬೆಂಗಳೂರಿನ ನಡುಪೇಟೆಯಲ್ಲಿ ಟೆಂಡರ್‌ಶೂರ್ ರಸ್ತೆಗಳು ತೆರೆದವು. ರೆಸಿಡೆನ್ಸಿ ರಸ್ತೆ, ವಿಠ್ಠಲ್ ಮಲ್ಯ ರಸ್ತೆ, ಕನ್ನಿಂಗ್‌ಹ್ಯಾಂ ರಸ್ತೆಗಳಲ್ಲಿ ನೀರು, ಚರಂಡಿ, ವಿದ್ಯುತ್, ಕೇಬಲ್ ಎಲ್ಲವನ್ನೂ ನೆಲದೊಳಗಿನ ಕೊಳವೆಗಳಿಗೆ ಇಳಿಸಿ, ಮೇಲೆ ಅಗಲವಾದ ಫುಟ್‌ಪಾತ್ ಬಿಟ್ಟರು. ವಾಹನದ ಪಟ್ಟಿಗಳು ಕಿರಿದಾದವೆಂದು ಕಾರಿನವರು ಕೂಗಾಡಿದರು. ಖರ್ಚು ವಿಪರೀತ, ಅದೂ ಶ್ರೀಮಂತರ ಬೀದಿಗಳಿಗೇ ಎಂಬ ಟೀಕೆಯೂ ಬಂತು. ಎರಡನೆಯ ಟೀಕೆಯಲ್ಲಿ ಹುರುಳಿದೆ. ಆದರೆ ಆ ರಸ್ತೆಗಳಲ್ಲಿ ನಡೆದು ನೋಡಿದವರು, ನಮ್ಮ ಊರಿನಲ್ಲಿ ಇದೆಲ್ಲ ಆಗುವುದಿಲ್ಲ ಎಂಬ ಹಳೆಯ ಮಾತನ್ನು ಮತ್ತೆ ಆಡುವುದು ಕಷ್ಟ.

ತಪ್ಪು ಜನರದೋ, ರಸ್ತೆಯದೋ

ಈ ಚರ್ಚೆಯ ಅತ್ಯಂತ ಹಳೆಯ ಪಂಥ ಶಿಸ್ತಿನದು. ಜನರಿಗೆ ರಸ್ತೆ ದಾಟುವುದು ಗೊತ್ತಿಲ್ಲ, ಚಾಲಕರಿಗೆ ನಿಯಮ ಗೊತ್ತಿಲ್ಲ, ಕಲಿಸಿದರೆ ಸರಿಹೋಗುತ್ತದೆ ಎಂಬುದು ಅದರ ನಿಲುವು. ಶಾಲೆಗಳ ರಸ್ತೆ ಸುರಕ್ಷತಾ ಸಪ್ತಾಹ, ಚಿತ್ರಕಲಾ ಸ್ಪರ್ಧೆ, ಸಿಗ್ನಲ್ಲಿನಲ್ಲಿ ಯಮನ ವೇಷ ಎಲ್ಲ ಇದೇ ಮನೆತನಕ್ಕೆ ಸೇರಿದವು. ಈ ಪಂಥವನ್ನು ಪೂರ್ತಿ ತಳ್ಳಿಹಾಕಲಾಗದು. ಕುಡಿದು ಓಡಿಸುವುದಕ್ಕೆ, ಮೊಬೈಲ್ ನೋಡುತ್ತ ಓಡಿಸುವುದಕ್ಕೆ, ರಾತ್ರಿ ರಿಫ್ಲೆಕ್ಟರ್ ಇಲ್ಲದೆ ಕಬ್ಬಿನ ಟ್ರಾಲಿ ನಿಲ್ಲಿಸುವುದಕ್ಕೆ ಮನುಷ್ಯರೇ ಹೊಣೆ, ದಂಡವೇ ಮದ್ದು. ಆದರೆ ನಮ್ಮೂರಿನಲ್ಲಿ ಸಿಗ್ನಲ್ ಹಾರಿಸುವ ಕನ್ನಡಿಗ ಸಿಂಗಪುರದಲ್ಲಿ ಗೆರೆಯ ಹಿಂದೆ ಸುಮ್ಮನೆ ನಿಲ್ಲುವುದೇಕೆ ಎಂದು ಕೇಳಿದರೆ ಶಿಸ್ತಿನ ಪಂಥಕ್ಕೆ ಉತ್ತರ ತಡಕಾಡಬೇಕಾಗುತ್ತದೆ.

ಎರಡನೆಯದು ವ್ಯವಸ್ಥೆಯ ಪಂಥ. ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ, ಆ ತಪ್ಪಿಗೆ ಸಾವು ಶಿಕ್ಷೆಯಾಗದಂತೆ ರಸ್ತೆ ಕಟ್ಟಬೇಕು ಎಂಬುದು ಅದರ ಮಾತು. 1997ರಲ್ಲಿ ಸ್ವೀಡನ್ನಿನ ಸಂಸತ್ತು ವಿಷನ್ ಜೀರೊ ಎಂಬ ಹೆಸರಿನಲ್ಲಿ ಇದನ್ನೇ ನೀತಿಯಾಗಿಸಿತು. ಭಾರತದಲ್ಲಿ ಈ ವಾದವನ್ನು ದಶಕಗಳ ಕಾಲ ಎತ್ತಿ ಹಿಡಿದವರು ದಿಲ್ಲಿ ಐಐಟಿಯ ದಿನೇಶ್ ಮೋಹನ್ ಮತ್ತು ಗೀತಂ ತಿವಾರಿ.

ಈ ಪಂಥದ ಮುಖ್ಯ ಆಯುಧ ವೇಗದ ಲೆಕ್ಕ. ಮುಂದೆ ಮಗು ಅಡ್ಡ ಬಂದಿತೆಂದುಕೊಳ್ಳಿ. ಚಾಲಕನ ಮಿದುಳಿಗೆ ಅದು ಹೊಳೆದು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಬೇಕು. ಗಂಟೆಗೆ 30 ಕಿ.ಮೀ. ವೇಗದ ಕಾರು ಆ ಒಂದು ಸೆಕೆಂಡಿನಲ್ಲಿ 8 ಮೀಟರ್ ಚಿಲ್ಲರೆ ಓಡಿ, ಒಣ ರಸ್ತೆಯಲ್ಲಿ ಇನ್ನೊಂದು 5 ಮೀಟರಿನಲ್ಲಿ ನಿಲ್ಲುತ್ತದೆ. 50 ಕಿ.ಮೀ. ವೇಗದ ಕಾರು ಅದೇ ಒಂದು ಸೆಕೆಂಡಿನಲ್ಲಿ ಸುಮಾರು 14 ಮೀಟರ್ ಓಡಿರುತ್ತದೆ. ನಿಧಾನದ ಕಾರು ನಿಂತುಹೋದ ಜಾಗದಲ್ಲಿ ವೇಗದ ಕಾರು ಬ್ರೇಕ್ ಹಿಡಿಯುವುದಕ್ಕೂ ಶುರುಮಾಡಿರುವುದಿಲ್ಲ, ಪೂರ್ತಿ 50ರಲ್ಲೇ ಮಗುವಿಗೆ ಬಡಿಯುತ್ತದೆ. ಚಾಲಕ ಒಳ್ಳೆಯವನೋ ಕೆಟ್ಟವನೋ ಎಂಬ ಪ್ರಶ್ನೆ ಈ ಲೆಕ್ಕದಲ್ಲಿ ಏಳುವುದೇ ಇಲ್ಲ. ವಾಹನಗಳೂ ಜನರೂ ಬೆರೆಯುವ ಕಡೆ ಗರಿಷ್ಠ ವೇಗ 30 ಕಿ.ಮೀ. ಇರಬೇಕೆಂದು 2020ರ ಸ್ಟಾಕ್‌ಹೋಮ್ ಘೋಷಣೆ ಹೇಳಿದ್ದು ಈ ಕಾರಣಕ್ಕೆ.

ಸಿಗ್ನಲ್ಲಿನ ಸಮಯಕ್ಕೂ ಇದೇ ಬಗೆಯ ಲೆಕ್ಕ ಅನ್ವಯಿಸುತ್ತದೆ. ಪಾದಚಾರಿಯ ಹಸಿರು ದೀಪಕ್ಕೆ ಎಂಜಿನಿಯರುಗಳು ಸಾಮಾನ್ಯವಾಗಿ ಸೆಕೆಂಡಿಗೆ 1.2 ಮೀಟರ್ ನಡಿಗೆಯನ್ನು ಹಿಡಿಯುತ್ತಾರೆ. 24 ಮೀಟರ್ ಅಗಲದ ರಸ್ತೆಗೆ 20 ಸೆಕೆಂಡ್ ಆಯಿತು. ಕೋಲೂರಿ ಸೆಕೆಂಡಿಗೆ 0.8 ಮೀಟರ್ ನಡೆಯುವವರು 20 ಸೆಕೆಂಡ್ ಮುಗಿದಾಗ ರಸ್ತೆಯ ಮೂರನೇ ಎರಡು ಭಾಗವನ್ನಷ್ಟೇ ದಾಟಿರುತ್ತಾರೆ. ಉಳಿದ ಎಂಟು ಮೀಟರನ್ನು ಅವರು ಹಾರ್ನುಗಳ ನಡುವೆ ದಾಟಬೇಕು.

ವ್ಯವಸ್ಥೆಯ ಪಂಥಕ್ಕೂ ಒಂದು ಕುಂದಿದೆ. ರಸ್ತೆಯನ್ನು ಬದಲಿಸಿದರೆ ಸಾಕು ಎನ್ನುವವರು, ರಸ್ತೆಯನ್ನು ಬದಲಿಸುವ ಅಧಿಕಾರ ಯಾರ ಕೈಯಲ್ಲಿದೆ, ಅವರು ಯಾಕೆ ಬದಲಿಸುತ್ತಿಲ್ಲ ಎಂಬ ಪ್ರಶ್ನೆಯ ಹತ್ತಿರ ಬಂದು ಮೌನವಾಗುತ್ತಾರೆ.

ಬೇರ್ಪಡಿಸುವುದೋ, ಬೆರೆಸುವುದೋ

ಬುಕನನ್ ಪರಂಪರೆಯವರು ಬೇರ್ಪಡಿಸಿ ಎನ್ನುತ್ತಾರೆ. ಇದಕ್ಕೆ ನಮ್ಮ ನಗರಗಳು ಕಂಡುಕೊಂಡ ರೂಪ ಸ್ಕೈವಾಕ್. ಪಾದಚಾರಿ ಎರಡಂತಸ್ತು ಹತ್ತಿ ಇಳಿಯಬೇಕು, ವಾಹನ ನಿಲ್ಲದೆ ಹೋಗಬೇಕು. ಲಿಫ್ಟ್ ಕೆಟ್ಟಿರುತ್ತದೆ, ಜಾಹೀರಾತು ಫಲಕದ ದೀಪ ಮಾತ್ರ ಕೆಡುವುದಿಲ್ಲ. ರಾತ್ರಿ ಒಬ್ಬೊಂಟಿ ಹೆಂಗಸು ಅದನ್ನು ಹತ್ತಲು ಹಿಂಜರಿಯುತ್ತಾಳೆ. ಹತ್ತದೆ ಕೆಳಗೆ ದಾಟಿದರೆ ಸೌಲಭ್ಯವಿದ್ದರೂ ಬಳಸಲಿಲ್ಲ ಎಂಬ ಆಪಾದನೆ. ಅಡ್ಡ ಬರುವವರನ್ನು ಮೇಲೆತ್ತಿ ದಾರಿ ಬಿಡಿಸಿಕೊಳ್ಳುವ ಈ ಯೋಜನೆಗೆ ಪಾದಚಾರಿ ಸೌಲಭ್ಯ ಎಂದು ಹೆಸರಿಟ್ಟದ್ದು ಯಾರೋ, ಅವರಿಗೆ ಹಾಸ್ಯಪ್ರಜ್ಞೆ ಇತ್ತು.

ಹೆದ್ದಾರಿಯ ಕಡೆ ಮಾತ್ರ ಬೇರ್ಪಡಿಸದೆ ವಿಧಿಯಿಲ್ಲ. ದೇಶದ ರಸ್ತೆಜಾಲದಲ್ಲಿ ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳ ಪಾಲು ಶೇ 5ರ ಆಸುಪಾಸು, ರಸ್ತೆ ಸಾವುಗಳಲ್ಲಿ ಅವುಗಳ ಪಾಲು ಶೇ 60ರಷ್ಟು. ನಗರದ ಫುಟ್‌ಪಾತಿನ ಬಗ್ಗೆ ಪತ್ರಿಕೆಗಳಲ್ಲಿ ಬರುವ ನೂರು ಬರಹಗಳಿಗೆ ಹೆದ್ದಾರಿ ಪಕ್ಕದ ಹಳ್ಳಿಯ ಬಗ್ಗೆ ಒಂದು ಬರುವುದೂ ಅಪರೂಪ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆಯಾಯಿತು. ಸಾವುಗಳು ಸಾಲುಸಾಲಾಗಿ ವರದಿಯಾದ ಮೇಲೆ ಅದೇ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರು, ಸೈಕಲ್ಲುಗಳನ್ನು ನಿಷೇಧಿಸಿದರು. ನಿಷೇಧ ತಾಂತ್ರಿಕವಾಗಿ ಸರಿ. ಆದರೆ ಮನೆ ಈಚೆ, ಗದ್ದೆ ಆಚೆ, ಬಸ್ಸು ನಿಲ್ಲುವುದು ಇನ್ನೆಲ್ಲೋ ಆದ ರೈತ ಏನು ಮಾಡಬೇಕು? ತಂತಿಬೇಲಿಯಲ್ಲಿ ಒಂದು ಕಂಡಿ ತೆಗೆದು ದಾಟುತ್ತಾನೆ. ಆ ಕಂಡಿ ಯಾವ ಜಾಗದಲ್ಲಿದೆಯೋ ಅಲ್ಲಿ ದಾಟುದಾರಿ ಬೇಕಿತ್ತು ಎಂದು ಓದಿಕೊಳ್ಳಬಹುದು. ಹೆದ್ದಾರಿ ಕಟ್ಟುವವರು ಅದನ್ನು ಅತಿಕ್ರಮಣವೆಂದು ಓದಿ ಮತ್ತೆ ಬೇಲಿ ಹೊಲಿಯುತ್ತಾರೆ.

ಬೆರೆಸಿ ಎನ್ನುವವರಲ್ಲಿ ಹೆಸರಾದವರು ಹಾಲೆಂಡಿನ ಹ್ಯಾನ್ಸ್ ಮಾಂಡರ್ಮನ್. ದ್ರಾಖ್ಟನ್ ಎಂಬ ಊರಿನ ವೃತ್ತವೊಂದರಲ್ಲಿ ಸಿಗ್ನಲ್ ಕಿತ್ತುಹಾಕಿ, ಜನ, ಸೈಕಲ್, ಕಾರು ಒಬ್ಬರನ್ನೊಬ್ಬರು ನೋಡಿಕೊಂಡು ಹೋಗುವಂತೆ ಮಾಡಿದರು. ಅದನ್ನು ಓದಿದ ಬೆಂಗಳೂರಿಗರು ನಮ್ಮಲ್ಲಿ ಅದು ಎಂದಿನಿಂದಲೂ ಇದೆ ಎಂದು ನಗಬಹುದು. ವ್ಯತ್ಯಾಸ ವೇಗದಲ್ಲಿದೆ. ಆ ವಿನ್ಯಾಸ ಕೆಲಸ ಮಾಡುವುದು ಎಲ್ಲರೂ ನಿಧಾನವಾಗಿರುವ ಕಡೆ ಮಾತ್ರ. ಕಣ್ಣು ಕಾಣದವರು ಚಾಲಕನ ಕಣ್ಣು ನೋಡಿ ದಾಟುವುದು ಹೇಗೆ ಎಂಬ ಪ್ರಶ್ನೆ ಎದ್ದ ಮೇಲೆ ಬ್ರಿಟನ್ 2018ರಲ್ಲಿ ಇಂಥ ಹೊಸ ಯೋಜನೆಗಳಿಗೆ ತಡೆ ಹೇಳಿತು. ಕೆ.ಆರ್. ಮಾರುಕಟ್ಟೆಯ ಸುತ್ತಲಿನ ಚಿಕ್ಕಪೇಟೆ, ಅವೆನ್ಯೂ ರಸ್ತೆಯ ಇಕ್ಕಟ್ಟುಗಳಲ್ಲಿ ಮಾತ್ರ ಈ ಬೆರಕೆ ನಿಜವಾಗಿ ನಡೆಯುತ್ತದೆ. ಅಲ್ಲಿ ಬೈಕಿಗೂ ಮೂಟೆ ಹೊತ್ತವನ ವೇಗವೇ ಗತಿ.

ಸೈಕಲ್ ಪಥದ ಕತೆ ಇವೆರಡರ ನಡುವೆ ಸಿಕ್ಕಿಕೊಂಡಿದೆ. 2008ರಲ್ಲಿ ದಿಲ್ಲಿಯ ಅಂಬೇಡ್ಕರ್ ನಗರ–ಮೂಲ್‌ಚಂದ್ ಬಿಆರ್‌ಟಿ ರಸ್ತೆಯಲ್ಲಿ ಬಸ್ಸಿನ ಜೊತೆ ಸೈಕಲ್ಲಿಗೂ ಬೇರೆ ಪಟ್ಟಿ ಕೊಟ್ಟರು. ಕಾರಿನವರು ಕೋರ್ಟಿಗೆ ಹೋದರು, ಸೋತರು, ಆದರೂ 2016ರಲ್ಲಿ ಸರ್ಕಾರವೇ ಅದನ್ನು ಕಿತ್ತುಹಾಕಿತು. ಬೆಂಗಳೂರಿನ ಜಯನಗರದಲ್ಲಿ 2012ರ ಸುಮಾರಿಗೆ ಬಳಿದ ಸೈಕಲ್ ಪಥ ಕೆಲವೇ ದಿನಗಳಲ್ಲಿ ಕಾರು ನಿಲ್ಲಿಸುವ ಜಾಗವಾಯಿತು. ಕೊರೊನಾ ಕಾಲದಲ್ಲಿ ಹೊರವರ್ತುಲ ರಸ್ತೆಯಲ್ಲಿ ಪ್ಲಾಸ್ಟಿಕ್ ಗೂಟಗಳನ್ನು ನೆಟ್ಟು ತಾತ್ಕಾಲಿಕ ಪಥ ಮಾಡಿದರು. ಗೂಟಗಳು ಮುರಿದವು, ಬೈಕುಗಳು ನುಗ್ಗಿದವು, ಆಮೇಲೆ ಮೆಟ್ರೊ ಕಾಮಗಾರಿ ಬಂತು. ಈ ಮೂರೂ ಸಲ ಪಥ ಸೋತಿತೆನ್ನುವುದಕ್ಕಿಂತ ಅದನ್ನು ಕಾಯುವ ಯಜಮಾನ ಇರಲಿಲ್ಲ ಎನ್ನುವುದು ಸರಿ. ಬಣ್ಣ ಬಳಿದ ಇಲಾಖೆ ಒಂದು, ವಾಹನ ಎತ್ತಬೇಕಾದ ಪೊಲೀಸರು ಇನ್ನೊಂದು, ರಸ್ತೆ ಅಗೆಯುವವರು ಮತ್ತೊಂದು.

ಸಂಖ್ಯೆಯೇ ರಕ್ಷೆ ಎನ್ನುವವರು

2003ರಲ್ಲಿ ಪೀಟರ್ ಜೇಕಬ್ಸನ್ ಎಂಬ ಸಂಶೋಧಕ ಕುತೂಹಲದ ಸಂಗತಿಯೊಂದನ್ನು ಪ್ರಕಟಿಸಿದರು. ಒಂದು ಊರಿನಲ್ಲಿ ನಡೆಯುವವರೋ ಸೈಕಲ್ ತುಳಿಯುವವರೋ ಎರಡರಷ್ಟಾದರೆ ಗಾಯಗಳು ಎರಡರಷ್ಟಾಗುವುದಿಲ್ಲ, ಸುಮಾರು ಮೂರನೇ ಒಂದರಷ್ಟು ಮಾತ್ರ ಹೆಚ್ಚುತ್ತವೆ. ಎಂದರೆ ಒಬ್ಬೊಬ್ಬರ ಅಪಾಯ ಮೂರನೇ ಒಂದರಷ್ಟು ಇಳಿಯುತ್ತದೆ. ಉತ್ತೇಜನ ಕಾರ್ಯಕ್ರಮಗಳಿಗೆಲ್ಲ ಇದು ವೇದವಾಕ್ಯವಾಯಿತು. ಜನರನ್ನು ಹೊರಗೆ ತನ್ನಿ, ಸುರಕ್ಷತೆ ತಾನಾಗಿ ಬರುತ್ತದೆ!

ಬೆಂಗಳೂರಿನಲ್ಲಿ 2013ರಲ್ಲಿ ಶುರುವಾದ ಸೈಕಲ್ ದಿನಗಳು, 2020ರ ಕೊನೆಯಿಂದ ಕೆಲ ತಿಂಗಳು ವಾರಾಂತ್ಯದಲ್ಲಿ ವಾಹನ ನಿಲ್ಲಿಸಿದ ಚರ್ಚ್ ಸ್ಟ್ರೀಟ್, 2017ರ ಜೂನ್‌ನಲ್ಲಿ 450 ಸೈಕಲ್ಲುಗಳೊಂದಿಗೆ ಮೈಸೂರಿನಲ್ಲಿ ಹೊರಟ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಯೋಜನೆ ಎಲ್ಲ ಈ ನಂಬಿಕೆಯ ಕೂಸುಗಳೇ. ಮೈಸೂರು ಅದಕ್ಕೆ ಹೇಳಿ ಮಾಡಿಸಿದ ಊರು: ಹೆಚ್ಚು ಏರಿಳಿತವಿಲ್ಲ, ಅಗಲ ರಸ್ತೆಗಳು, ಮರದ ನೆರಳು. ಹಾಗಿದ್ದೂ ಬಾಡಿಗೆ ಸೈಕಲ್ಲು ಪ್ರವಾಸಿಗರ, ವಿದ್ಯಾರ್ಥಿಗಳ ಬಳಕೆಯಾಗಿ ಉಳಿಯಿತೇ ಹೊರತು ಊರಿನ ಓಡಾಟದ ರೂಢಿಯನ್ನು ಕದಲಿಸಲಿಲ್ಲ.

ನನ್ನ ದೃಷ್ಟಿಯಲ್ಲಿ ಈ ರಾಜ್ಯದ ಅತಿ ದೊಡ್ಡ ಸೈಕಲ್ ಉತ್ತೇಜನಕ್ಕೆ ಟೀಶರ್ಟೂ ಇರಲಿಲ್ಲ, ಘೋಷಣೆಯೂ ಇರಲಿಲ್ಲ. 2006–07ರಲ್ಲಿ ಶುರುವಾಗಿ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಕೊಟ್ಟ ಉಚಿತ ಸೈಕಲ್ಲುಗಳವು. ಗುಣಮಟ್ಟದ ದೂರುಗಳು ಬೇಕಾದಷ್ಟಿದ್ದವು, ಕೊರೊನಾ ಬಂದಾಗ ವಿತರಣೆ ನಿಂತಿತು. ಆದರೂ ಸಂಜೆ ಶಾಲೆ ಬಿಟ್ಟ ಮೇಲೆ ಹೋಬಳಿ ಕೇಂದ್ರದಿಂದ ಹಳ್ಳಿಗಳ ಕಡೆ ಎರಡೆರಡು ಜಡೆಯ ಹುಡುಗಿಯರು ಸಾಲಾಗಿ ತುಳಿಯುತ್ತ ಹೋಗುವ ನೋಟ ಬಯಲುಸೀಮೆಯಲ್ಲಿ ಮಾಮೂಲಾಯಿತು. ಬಿಹಾರದಲ್ಲೂ 2006ರಲ್ಲಿ ಇಂಥದೇ ಯೋಜನೆ ಬಂದಿತ್ತು. ಅದನ್ನು ಅಭ್ಯಸಿಸಿದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್, ಹೆಣ್ಣುಮಕ್ಕಳ ಪ್ರೌಢಶಾಲಾ ದಾಖಲಾತಿ ಶೇ 32ರಷ್ಟು ಏರಿತೆಂದು ಕಂಡುಕೊಂಡರು. ತಮಿಳುನಾಡಿನ ಪುದುಕೋಟೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಸಾವಿರಾರು ಹೆಂಗಸರು ಸೈಕಲ್ ಕಲಿತಿದ್ದರು. ಇಲ್ಲೆಲ್ಲ ಸೈಕಲ್ಲು ಪರಿಸರದ ಮಾತಾಗಿ ಬರಲಿಲ್ಲ, ಹೊಸಿಲು ದಾಟುವ ಉಪಾಯವಾಗಿ ಬಂತು.

ಸಂಖ್ಯೆಯ ಪಂಥಕ್ಕೆ ಇರುವ ದೊಡ್ಡ ಆಕ್ಷೇಪ ಕಾರ್ಯಕಾರಣದ್ದು. ಜನ ಹೆಚ್ಚಾದ್ದರಿಂದ ರಸ್ತೆ ಸುರಕ್ಷಿತವಾಯಿತೋ, ಸುರಕ್ಷಿತವಾದ್ದರಿಂದ ಜನ ಹೆಚ್ಚಾದರೋ? ಭಾರತವೇ ಇದಕ್ಕೆ ಎದುರು ಸಾಕ್ಷಿ. ಸಂಖ್ಯೆಯೊಂದೇ ರಕ್ಷಿಸುವುದಾಗಿದ್ದರೆ ಜಗತ್ತಿನಲ್ಲೇ ನಮ್ಮ ಪಾದಚಾರಿ ಸುಖಿಯಾಗಿರಬೇಕಿತ್ತು.

ಹಕ್ಕಿನ ಭಾಷೆ

ಈಚಿನ ಪಂಥ ಇದನ್ನು ಸಾರಿಗೆಯ ಪ್ರಶ್ನೆಯೆಂದೇ ನೋಡುವುದಿಲ್ಲ, ಹಂಚಿಕೆಯ ಪ್ರಶ್ನೆಯೆಂದು ನೋಡುತ್ತದೆ. ವಾಹನಗಳ ಓಡಾಟಕ್ಕಿಂತ ಜನರ ಓಡಾಟ ಮುಖ್ಯ ಎಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಹೇಳಿತ್ತು. ಏಳು ವರ್ಷದ ನಂತರ, 2013ರಲ್ಲಿ, ಕೋಲ್ಕತ್ತ ಪೊಲೀಸರು 174 ರಸ್ತೆಗಳಲ್ಲಿ ಸೈಕಲ್ ನಿಷೇಧಿಸಿದರು. ಹಾಲು, ಮೀನು, ಪತ್ರಿಕೆ ಹಾಕುವವರ ಹೊಟ್ಟೆಯ ಮೇಲೆ ಹೊಡೆದ ಆ ಆದೇಶವನ್ನು ಸಂಚಾರ ಸುಗಮತೆ ಎಂದು ಸಮರ್ಥಿಸಿದರು.

2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 138(1ಎ) ಕಲಂ ಸೇರಿತು. ಪಾದಚಾರಿಗಳು ಮತ್ತು ಯಂತ್ರರಹಿತ ವಾಹನಗಳ ಬಗ್ಗೆ ರಾಜ್ಯಗಳು ನಿಯಮ ಮಾಡಬಹುದು ಎನ್ನುತ್ತದೆ ಅದು. ಓದಿದರೆ ಒಂದು ವಿಚಿತ್ರ ಕಾಣುತ್ತದೆ: ಅಲ್ಲಿ ನಿಯಂತ್ರಿಸಬೇಕಾದದ್ದು ಪಾದಚಾರಿಯ ಚಟುವಟಿಕೆ ಮತ್ತು ಪ್ರವೇಶ. ಕರ್ನಾಟಕದ ನಗರ ಭೂಸಾರಿಗೆ ನಿರ್ದೇಶನಾಲಯ 2021ರಲ್ಲಿ ಸಿದ್ಧಪಡಿಸಿದ ಸಕ್ರಿಯ ಸಂಚಾರ ಮಸೂದೆ ಇದನ್ನು ತಲೆಕೆಳಗು ಮಾಡಿ, ನಡೆಯುವವರ ಮತ್ತು ಸೈಕಲ್ ಸವಾರರ ಹಕ್ಕುಗಳಿಂದ ಹೊರಡುವ ಪ್ರಯತ್ನ ಮಾಡಿತ್ತು. ವರ್ಷಗಳು ಕಳೆದರೂ ಅದು ಕರಡಾಗಿಯೇ ಉಳಿಯಿತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಫುಟ್‌ಪಾತ್ ಬಳಸುವ ಪಾದಚಾರಿಯ ಹಕ್ಕು ಸಂವಿಧಾನದ 21ನೇ ವಿಧಿಯೊಳಗೇ ಇದೆ ಎಂದು ಹೇಳಿತು. ಅಂಗವಿಕಲರಿಗೂ ಅನುಕೂಲವಾಗುವಂತೆ, ಅತಿಕ್ರಮಣ ತೆರವುಗೊಳಿಸಿ ಫುಟ್‌ಪಾತ್ ಒದಗಿಸಬೇಕೆಂದೂ ಸೂಚಿಸಿತು.

ಅತಿಕ್ರಮಣ ಎಂದೊಡನೆ ಅಧಿಕಾರಿಗಳ ಕಣ್ಣು ಹೋಗುವುದು ಸೊಪ್ಪಿನ ಬುಟ್ಟಿಯ ಮೇಲೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ, ಸಮೀಕ್ಷೆ ನಡೆಸಿ, ಪಟ್ಟಣ ವ್ಯಾಪಾರ ಸಮಿತಿಯ ಮೂಲಕ ಜಾಗ ಗುರುತಿಸಬೇಕು, ಸುಮ್ಮನೆ ಎಬ್ಬಿಸುವಂತಿಲ್ಲ ಎನ್ನುತ್ತದೆ. ಎರಡೂ ಹಕ್ಕುಗಳು ಒಂದೇ ಒಂದೂವರೆ ಮೀಟರಿನಲ್ಲಿ ಎದುರಾಗುತ್ತವೆ. ಬಸವನಗುಡಿಯ ಗಾಂಧಿ ಬಜಾರಿನಲ್ಲಿ ಇದನ್ನು ಕಣ್ಣಾರೆ ನೋಡಬಹುದಿತ್ತು. ರಸ್ತೆಯನ್ನು ನಡಿಗೆಗೆ ಅನುಕೂಲವಾಗುವಂತೆ ಮರುರೂಪಿಸಲು ಹೊರಟಾಗ ಹೂವಿನವರು, ಹಣ್ಣಿನವರು ಕಾಮಗಾರಿ ಮುಗಿದ ಮೇಲೆ ತಮ್ಮ ಜಾಗ ಉಳಿಯುತ್ತದೋ ಇಲ್ಲವೋ ಎಂದು ಕಂಗಾಲಾದರು. ಅಂಗಡಿ ಮಾಲೀಕರು ಪಾರ್ಕಿಂಗ್ ಹೋದರೆ ಗಿರಾಕಿ ಹೋಗುತ್ತಾರೆ ಎಂದು ಪ್ರತಿಭಟಿಸಿದರು. ಮಾಲೀಕರ ಭಯ ಎಲ್ಲ ಊರಲ್ಲೂ ಒಂದೇ. ಬ್ರಿಸ್ಟಲ್ ನಗರದ ವ್ಯಾಪಾರಿಗಳು ತಮ್ಮ ಗಿರಾಕಿಗಳಲ್ಲಿ ಶೇ 41 ಮಂದಿ ಕಾರಿನಲ್ಲಿ ಬರುತ್ತಾರೆಂದು ಅಂದಾಜು ಹೇಳಿದ್ದರು, 2006ರ ಸಮೀಕ್ಷೆಯಲ್ಲಿ ಎಣಿಸಿದಾಗ ಸಿಕ್ಕಿದ್ದು ಶೇ 22. ಗಾಂಧಿ ಬಜಾರಿಗೆ ಹಬ್ಬದ ಹಿಂದಿನ ದಿನ ಬರುವವರನ್ನು ನಿಂತು ನೋಡಿದರೂ ಕಾರಿನಿಂದ ಇಳಿಯುವವರಿಗಿಂತ ಕೈಚೀಲ ಹಿಡಿದು ನಡೆದು ಬರುವವರೇ ಎದ್ದು ಕಾಣುತ್ತಾರೆ.

ಇನ್ನೊಂದು ಮಾತನ್ನು ಹೇಳಲೇಬೇಕು. ಸೊಪ್ಪಿನ ಬುಟ್ಟಿ, ಎಳನೀರು ಗಾಡಿ, ಚಪ್ಪಲಿ ಹೊಲಿಯುವವರು ಇರುವ ಬೀದಿ ರಾತ್ರಿ ಒಂಬತ್ತಕ್ಕೂ ಹೆಂಗಸರಿಗೆ ಧೈರ್ಯ ಕೊಡುತ್ತದೆ. ಅಪಘಾತದ ಲೆಕ್ಕ ಮಾತ್ರ ಹಿಡಿದು ಸುರಕ್ಷತೆ ಅಳೆಯುವವರಿಗೆ ಈ ವ್ಯಾಪಾರಿಗಳು ಅಡಚಣೆಯಾಗಿಯೇ ಕಾಣುತ್ತಾರೆ.

ತೀರ್ಮಾನವಾಗದೆ ಉಳಿದದ್ದು

ಮೊದಲನೆಯದು ಲೆಕ್ಕದ ಪ್ರಶ್ನೆಯೇ. ಎಷ್ಟು ಜನ ಸತ್ತರೆಂದು ಗೊತ್ತಿದೆ. ಎಷ್ಟು ಜನ, ಎಷ್ಟು ದೂರ ನಡೆಯುತ್ತಾರೆ ಎಂದು ಪ್ರತಿವರ್ಷ ಅಳೆಯುವ ಪದ್ಧತಿ ನಮ್ಮ ಊರುಗಳಲ್ಲಿಲ್ಲ. ಸೈಕಲ್ ಸವಾರರ ಸಾವು ಕಡಿಮೆಯಾದರೆ ರಸ್ತೆ ಸುಧಾರಿಸಿತೆಂದೋ, ಹೆದರಿ ಸೈಕಲ್ ಬಿಟ್ಟರೆಂದೋ ಹೇಳಲು ಬರುವುದಿಲ್ಲ. ಗಾಯಗಳ ವಿಷಯ ಇನ್ನೂ ಮಸುಕು. ಬಿದ್ದು ಕಾಲು ಮುರಿದುಕೊಂಡವರು ಆಸ್ಪತ್ರೆಯ ಪುಸ್ತಕದಲ್ಲಿರುತ್ತಾರೆ, ಪೊಲೀಸರ ಪುಸ್ತಕದಲ್ಲಿ ಇರುವುದಿಲ್ಲ. ನಿಮ್ಹಾನ್ಸ್‌ನ ಡಾ. ಜಿ. ಗುರುರಾಜ್ ಮತ್ತು ಸಂಗಡಿಗರು ವರ್ಷಗಟ್ಟಲೆ ಎತ್ತಿ ತೋರಿಸಿದ ಅಂತರ ಅದು.

ಸೈಕಲ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಬೇಕೇ ಎಂಬುದು ಇನ್ನೊಂದು. 1990ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ ಕಡ್ಡಾಯ ಮಾಡಿದಂದಿನಿಂದ ವಾದ ನಡೆಯುತ್ತಲೇ ಇದೆ. ತಲೆಗೆ ಪೆಟ್ಟು ಕಡಿಮೆಯಾಯಿತು ಎನ್ನುವವರೂ, ಸೈಕಲ್ ಹತ್ತುವವರೇ ಕಡಿಮೆಯಾದರು ಎನ್ನುವವರೂ ಅದೇ ಅಂಕಿಗಳನ್ನು ಮುಂದಿಡುತ್ತಾರೆ. ಹೆಲ್ಮೆಟ್ಟಿನ ಖರ್ಚನ್ನು ಕೂಲಿಕಾರನ ಮೇಲೆ ಹೇರುವುದು ನನಗಂತೂ ಒಪ್ಪಿಗೆಯಿಲ್ಲ.

ವಿದ್ಯುತ್ ವಾಹನಗಳು ಬಂದ ಮೇಲೆ ಗೆರೆ ಎಲ್ಲಿ ಎಳೆಯಬೇಕೆಂಬುದೂ ಮಸುಕಾಗಿದೆ. 250 ವಾಟ್ ಒಳಗಿನ ಮೋಟರು, 25 ಕಿ.ಮೀ. ಒಳಗಿನ ವೇಗವಿದ್ದರೆ ನೋಂದಣಿ ಬೇಕಿಲ್ಲ. ಊಟ ತಲುಪಿಸುವ ಹುಡುಗರು ಓಡಿಸುವುದು ಬಹಳವಾಗಿ ಅಂಥವನ್ನೇ. ಸೈಕಲ್ ಪಥ ಅವರದೂ ಹೌದೇ? ಹೌದೆಂದರೆ ಶಾಲೆಯ ಮಗು ಅದೇ ಪಥದಲ್ಲಿ ಹೋಗುವುದು ಹೇಗೆ? ಅಲ್ಲವೆಂದರೆ ಹತ್ತು ನಿಮಿಷದ ಗಡುವು ಹೊತ್ತ ಹುಡುಗ ಲಾರಿಗಳ ನಡುವೆ ಹೋಗಬೇಕು.

ಎಲ್ಲಕ್ಕಿಂತ ಬಿಡಿಸಲಾಗದ ಗಂಟು ಫುಟ್‌ಪಾತಿನ ಬಾಯಿಯಲ್ಲಿದೆ. ಟ್ರಾಫಿಕ್ ಕಟ್ಟಿಕೊಂಡಾಗ ಬೈಕುಗಳು ಫುಟ್‌ಪಾತ್ ಏರುವುದನ್ನು ತಡೆಯಲು ಕಂಬ ನೆಡುತ್ತಾರೆ. ಕಂಬಗಳ ನಡುವೆ ಗಾಲಿಕುರ್ಚಿ ನುಸುಳುವಷ್ಟು ಜಾಗ ಬಿಟ್ಟರೆ ಸ್ಕೂಟರೂ ನುಸುಳುತ್ತದೆ. ಸ್ಕೂಟರ್ ನುಸುಳದಂತೆ ಬಿಗಿ ಮಾಡಿದರೆ ಗಾಲಿಕುರ್ಚಿಯವರು ಹೊರಗೇ ಉಳಿಯುತ್ತಾರೆ. ಬೈಕುಗಳು ಇಷ್ಟಿಲ್ಲದ ನೆದರ್ಲೆಂಡ್ಸ್‌ನ ಪುಸ್ತಕಗಳಲ್ಲಿ ಇದಕ್ಕೆ ಉತ್ತರವಿಲ್ಲ, ಐಆರ್‌ಸಿ ಅಳತೆಗಳಲ್ಲೂ ಇಲ್ಲ. ಸದ್ಯಕ್ಕೆ ಕೆಲವು ಜಂಕ್ಷನ್‌ಗಳಲ್ಲಿ ಒಬ್ಬ ಪೊಲೀಸು ಪೇದೆಯನ್ನೋ, ಹೋಮ್‌ಗಾರ್ಡನ್ನೋ ನಿಲ್ಲಿಸುತ್ತಾರೆ. ಅವರ ಪಾಳಿ ಮುಗಿಯುವವರೆಗೆ ಫುಟ್‌ಪಾತ್ ಪಾದಚಾರಿಗಳದು.